ಮೇಸ್ತ್ರಿ ಕಿವಿ ಇಟ್ಟ ಮೇಲೆ

ಆ ಗ್ಯಾರೇಜಿನಲ್ಲಿ ಒಂದು ಪದ್ಧತಿ ಇತ್ತು. ಯಾವ ಗಾಡಿ ಬರಲಿ, ಇಂಜಿನ್ನಿನಲ್ಲಿ ಎಂಥ ಶಬ್ದವೇ ಇರಲಿ, ಮೊದಲು ದೊಡ್ಡ ಮೇಸ್ತ್ರಿ ಕಿವಿ ಇಡಬೇಕು. ಅವರು ಕಿವಿ ಇಡುವ ತನಕ ಯಾರೂ ಸ್ಪ್ಯಾನರ್ ಮುಟ್ಟುವ ಹಾಗಿಲ್ಲ. ಅವರು ಕಿವಿ ಇಟ್ಟು, ಇಂಥದ್ದು ಹೋಗಿದೆ ಅಂತ ಹೇಳಿದ ಮೇಲೆ ಇನ್ನೊಬ್ಬರು ಕಿವಿ ಇಡುವ ಹಾಗಿಲ್ಲ. ಗಾಡಿಯ ಮಾಲೀಕರಂತೂ ಬಾಯಿಯನ್ನೇ ತೆರೆಯುವ ಹಾಗಿಲ್ಲ. "ಸ್ವಾಮೀ, ನಿಮ್ಮ ಗಾಡಿ ಮಾತಾಡ್ತಾ ಇದೆ. ನೀವು ಸ್ವಲ್ಪ ಸುಮ್ನಿರ್ತೀರಾ?" ಅಂತ ಎಂಥ ದೊಡ್ಡ ಮನುಷ್ಯರನ್ನೂ ಗದರಿಸಿಬಿಡುತ್ತಿದ್ದರು. ಗದರಿಸಿಕೊಂಡವರು ಬೇಜಾರು ಮಾಡಿಕೊಳ್ಳದೆ ತಮ್ಮ ನೆಂಟರಿಷ್ಟರನ್ನೂ ಅಲ್ಲಿಗೇ ಕಳಿಸುತ್ತಿದ್ದರು. ಯಾಕೆಂದರೆ ಮೇಸ್ತ್ರಿ ಹೇಳಿದ್ದು ತಪ್ಪುತ್ತಿರಲಿಲ್ಲ.

ಕಿವಿ ಇಡುವುದೆಂದರೆ ಅದೇನು ಸಾಮಾನ್ಯ ಸಂಗತಿಯೇ? ರೇಡಿಯೋ ಆರಿಸಬೇಕು. ಹಿಂದಿನ ಶೆಡ್ಡಿನ ವೆಲ್ಡರ್ ಕೆಲಸ ನಿಲ್ಲಿಸಿ ಕೈಕಟ್ಟಿ ನಿಲ್ಲಬೇಕು. ಪಕ್ಕದ ಟೈರ್ ಅಂಗಡಿಯವನು ಗಾಳಿ ತುಂಬುವ ಮಷೀನು ಬಂದ್ ಮಾಡಬೇಕು. ಮಾಡದಿದ್ದರೆ ಬೈಗುಳ ಗೋಡೆ ಹಾರಿ ಹೋಗುತ್ತಿತ್ತು. ಆಮೇಲೆ ಮೇಸ್ತ್ರಿ ಉದ್ದನೆಯ ಸ್ಕ್ರೂ ಡ್ರೈವರಿನ ಮೊನೆಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಆನಿಸಿ, ಕಣ್ಣು ಮುಚ್ಚುತ್ತಿದ್ದರು. ಒಳಗೆ ಬೇರಿಂಗ್ ಸವೆದಿದ್ದರೆ ಬಡಿತ ಮಂದವಾಗಿ, ಆಳದಿಂದ ಬರುತ್ತದೆ, ಮುಚ್ಚಿದ ಬಾಗಿಲನ್ನು ಮುಷ್ಟಿಯಿಂದ ಗುದ್ದಿದ ಹಾಗೆ. ಮೇಲಿನ ಟ್ಯಾಪೆಟ್ ಸಡಿಲವಾಗಿದ್ದರೆ ಚೂಪಾಗಿ ಕೇಳುತ್ತದೆ, ಚಮಚದಿಂದ ಲೋಟ ಬಡಿದ ಹಾಗೆ. ಇವೆರಡರ ನಡುವೆ ನೂರಾರು ಬಗೆ. ಅವನ್ನೆಲ್ಲ ಬೇರೆ ಬೇರೆ ಮಾಡಿ ಗುರುತು ಹಿಡಿಯುವುದೇ ಮೇಸ್ತ್ರಿಯ ವಿದ್ಯೆ. ಕಣ್ಣು ತೆರೆದವರೇ ಒಂದೇ ಮಾತು ಹೇಳಿ ಕೈ ಒರೆಸಿಕೊಂಡು ಹೋಗುತ್ತಿದ್ದರು.

ಬಿಚ್ಚುವುದು, ಹಾಕುವುದು, ಕೈ ಕಪ್ಪು ಮಾಡಿಕೊಳ್ಳುವುದು ತಮ್ಮನ ಪಾಲಿಗೆ. ಅವನನ್ನು ಎಲ್ಲರೂ ಸಣ್ಣ ಮೇಸ್ತ್ರಿ ಅನ್ನುತ್ತಿದ್ದರು. ತಲೆಗೂದಲು ಉದುರಿ, ಹೊಟ್ಟೆ ಬಂದು, ಮಗಳು ಕಾಲೇಜಿಗೆ ಹೋಗುವ ಕಾಲ ಬಂದರೂ ಅವನು ಸಣ್ಣ ಮೇಸ್ತ್ರಿಯೇ. ಲಾರಿ ಓಡಿಸುತ್ತಿದ್ದ ಅಪ್ಪ ತೀರಿಕೊಂಡಾಗ ಅಣ್ಣನಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ಯಾರದೋ ಗ್ಯಾರೇಜಿನಲ್ಲಿ ಸೀಮೆಎಣ್ಣೆಯಲ್ಲಿ ಸಾಮಾನು ತೊಳೆಯುತ್ತ, ಒದೆ ತಿನ್ನುತ್ತ, ಕೆಲಸ ಕಲಿತು, ತಮ್ಮನನ್ನು ಬೆಳೆಸಿ, ಅವನಿಗೂ ಕೆಲಸ ಕಲಿಸಿ, ಮದುವೆ ಮಾಡಿ, ಬೇರೆ ಮನೆ ಹೂಡಿಕೊಟ್ಟವರು ದೊಡ್ಡ ಮೇಸ್ತ್ರಿ. ಹಾಗಾಗಿ ಸಣ್ಣ ಮೇಸ್ತ್ರಿ ಅಣ್ಣನ ಮಾತಿಗೆ ಎದುರಾಡುತ್ತಿರಲಿಲ್ಲ. ಅಣ್ಣ ಬೇರಿಂಗ್ ಅಂದರೆ ಬೇರಿಂಗ್, ಟ್ಯಾಪೆಟ್ ಅಂದರೆ ಟ್ಯಾಪೆಟ್.

ಇಂಥ ತಮ್ಮ ಒಂದು ದಿನ ನೆಲದ ಮೇಲೆ ಚೆಲ್ಲಿದ್ದ ಆಯಿಲ್ ಮೇಲೆ ಕಾಲಿಟ್ಟು, ಧೊಪ್ಪೆಂದು ಬಿದ್ದು, ಮೊಣಕಾಲಿನ ಕೆಳಗೆ ಮೂಳೆ ಮುರಿದುಕೊಂಡ. ಕಾಲಿಗೆ ಬ್ಯಾಂಡೇಜು ಸುತ್ತಿಸಿಕೊಂಡು ಮನೆ ಹಿಡಿದ. ಅಲ್ಲಿಂದ ಶುರುವಾಯಿತು ನೋಡಿ ಮೇಸ್ತ್ರಿಯ ಗ್ರಹಚಾರ.

ಮೊದಲು ಬೇಕರಿಯವನ ವ್ಯಾನು ವಾಪಸ್ ಬಂತು. ಮೇಸ್ತ್ರಿ ಬೇರಿಂಗ್ ಹಾಕಿ ಕಳಿಸಿದ್ದರು. ಶಬ್ದ ಹಾಗೇ ಇದೆ ಅಂದ ಅವನು. "ನಿನ್ನ ಬ್ರೆಡ್ಡಿನ ಡಬ್ಬಗಳು ಅಲ್ಲಾಡ್ತಾ ಇರ್ಬೇಕು, ಹೋಗಯ್ಯ" ಅಂತ ಓಡಿಸಿದರು. ಆಮೇಲೆ ಒಬ್ಬ ವಕೀಲರ ಕಾರೂ ಹಾಗೇ ವಾಪಸ್ ಬಂತು. ಅವರು ತಕರಾರು ಮಾಡದೆ ಕಾರು ತೆಗೆದುಕೊಂಡು ಹೋದರು. ಎದುರಿನ ಗಾಜಿನ ಬಾಗಿಲಿನ ಗ್ಯಾರೇಜಿನ ಮುಂದೆ ಅದು ನಿಂತಿರುವುದನ್ನು ಮೇಸ್ತ್ರಿ ಮರುದಿನ ಕಣ್ಣಾರೆ ಕಂಡರು. ಅವತ್ತು ಊಟ ಸೇರಲಿಲ್ಲ. ಬಿಡಿಭಾಗದ ಅಂಗಡಿಯವನಿಗೆ ಫೋನು ಮಾಡಿ, ನಕಲಿ ಮಾಲು ಕೊಟ್ಟು ನನ್ನ ಮಾನ ಕಳೀತಾ ಇದ್ದೀಯ ಅಂತ ವಾಚಾಮಗೋಚರ ಬೈದರು. ಅವನು ಏನೋ ಹೇಳುತ್ತಿದ್ದ. ಈಗಿನ ಫೋನುಗಳೂ ಸರಿಯಿಲ್ಲ, ಎಲ್ಲರೂ ಬಾಯೊಳಗೇ ಗೊಣಗಿದ ಹಾಗೆ ಕೇಳುತ್ತದೆ.

ಮೂರನೆಯದಾಗಿ ಬಂದದ್ದು ಡ್ರೈವಿಂಗ್ ಮೇಡಂ ಕಾರು.

ಡ್ರೈವಿಂಗ್ ಮೇಡಂ ಅಂದರೆ ಕಾರು ಓಡಿಸುವುದನ್ನು ಕಲಿಸುವವರು. ಇರುವುದು ಅದೊಂದೇ ಬಿಳಿ ಕಾರು. ಹಿಂದೆ ಮುಂದೆ ಕೆಂಪು ಅಕ್ಷರದ ಬೋರ್ಡು, ಪಕ್ಕದ ಸೀಟಿನ ಕೆಳಗೆ ಮೇಡಂಗೇ ಅಂತ ಇನ್ನೊಂದು ಕ್ಲಚ್ಚು, ಇನ್ನೊಂದು ಬ್ರೇಕು. ಕಲಿಯುವವರೆಲ್ಲ ಆ ಕಾರಿನ ಮೇಲೆ ಹತ್ತಿ ಕುಣಿದಿದ್ದರು ಅನ್ನಬೇಕು. ಮೇಡಂ ಮಾತ್ರ ಅದನ್ನು ಮಗುವಿನ ಹಾಗೆ ನೋಡಿಕೊಳ್ಳುತ್ತಿದ್ದರು. ಮೆತ್ತಗಿನ ಮಾತು, ಆದರೆ ಹೆದರುವ ಪೈಕಿ ಅಲ್ಲ. ದಿನವಿಡೀ ಹೊಸಬರ ಪಕ್ಕದಲ್ಲಿ ಕೂತು ರಸ್ತೆಗಿಳಿಯುವ ಹೆಂಗಸು ಯಾರಿಗೆ ಹೆದರುತ್ತಾಳೆ?

ಮೇಸ್ತ್ರಿ ಕಿವಿ ಇಟ್ಟರು. ಬೇರಿಂಗ್ ಅಂದರು. ತಮ್ಮನಿಲ್ಲದ್ದರಿಂದ ತಾವೇ ಕಾರಿನ ಕೆಳಗೆ ಮಲಗಿ, ಇಂಜಿನ್ನಿನ ತಳದ ಆಯಿಲ್ ಚೇಂಬರ್ ಇಳಿಸಿ, ಬೇರಿಂಗ್ ಬದಲಾಯಿಸಿದರು. ಹಳೇ ಬೇರಿಂಗ್ ಕೈಗೆ ಬಂದಾಗ ಅಷ್ಟೇನೂ ಸವೆದಿಲ್ಲವಲ್ಲ ಅಂತ ಒಂದು ಅನುಮಾನ ಬಂತು. ಬಂದ ಅನುಮಾನವನ್ನು ಮೂಲೆಗೆ ತಳ್ಳಿದರು. ಕಾರು ಹೋಯಿತು. ಮಾರನೆಯ ದಿನ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿತ್ತು.

"ಮೇಸ್ತ್ರಿ, ಅದೇ ಶಬ್ದ. ಒಂಚೂರೂ ಕಮ್ಮಿ ಆಗಿಲ್ಲ."

"ಹೊಸ ಬೇರಿಂಗ್ ಮೇಡಂ. ಸ್ವಲ್ಪ ಓಡಬೇಕು. ಹೊಸ ಚಪ್ಪಲಿ ಕಚ್ಚಲ್ವಾ?"

"ಓಡಿಸಿದೆ. ಇನ್ನೊಂದು ವಿಷ್ಯ ಹೇಳ್ಬೇಕಿತ್ತು. ನಾನು ಕ್ಲಚ್ ಒತ್ತಿದಾಗ..."

"ಮೇಡಂ, ನೀವು ಪಾಠ ಹೇಳ್ಕೊಡಿ, ನಾನು ಇಂಜಿನ್ ನೋಡ್ಕೋತೀನಿ. ಅವರವರ ಕೆಲಸ ಅವರವರು ಮಾಡೋಣ."

ಮೇಡಂ ತುಟಿ ಬಿಗಿದುಕೊಂಡು ಹೊರಟುಹೋದರು. ಮೇಸ್ತ್ರಿ ಮತ್ತೆ ಕಿವಿ ಇಟ್ಟರು. ಮಂದವಾದ ಗುದ್ದು, ಆಳದಲ್ಲಿ. ಬೇರಿಂಗ್ ಅಲ್ಲದೆ ಇನ್ನೇನು? ಆಯಿಲ್ ಪಂಪ್ ಇರಬಹುದು ಅಂತ ಅದನ್ನು ಬಿಚ್ಚಿದರು. ಇಂಜಿನ್ ಕೂರುವ ರಬ್ಬರ್ ಮೌಂಟಿಂಗುಗಳನ್ನು ಬದಲಾಯಿಸಿದರು. ಬೆಲ್ಟ್ ಕಳಚಿ ಓಡಿಸಿ ನೋಡಿದರು. ದಿನಗಳು ಹೋದವು. ಶಬ್ದ ಹೋಗಿಲ್ಲ ಅಂತ ಮೇಡಂ ಪ್ರತಿ ಸಲ ಬಂದು ಹೇಳುತ್ತಿದ್ದರು. ವೆಲ್ಡರ್ ಏನೋ ಹೇಳಲು ಬಾಯಿ ತೆರೆದು, ಮೇಸ್ತ್ರಿಯ ಮುಖ ನೋಡಿ, ಉಗುಳು ನುಂಗಿ ಹಿಂದಿನ ಶೆಡ್ಡಿಗೆ ಹೋದ. ಕಿವಿ ಇಟ್ಟು ಆದ ಮೇಲೆ ಮಾತಾಡುವ ಪದ್ಧತಿ ಅಲ್ಲಿರಲಿಲ್ಲವಲ್ಲ.

ಮೇಸ್ತ್ರಿಗೆ ತಲೆ ಕೆಟ್ಟುಹೋಯಿತು. ಒಂದು ಯಃಕಶ್ಚಿತ್ ಕಾರು! ಚಿಟಿಕೆ ಹೊಡೆಯುವಷ್ಟರಲ್ಲಿ ಹೇಳಿಬಿಡುತ್ತಿದ್ದಂಥ ಕಾಯಿಲೆ! ಯಾರು ಮಾಟ ಮಾಡಿಸಿದ್ದಾರೆ ನನಗೆ ಅಂತ ಹಲ್ಲು ಕಡಿದರು. ಒಂದು ಸಲ ಚಕ್ರಕ್ಕೆ ಒದ್ದು ಹೆಬ್ಬೆರಳಿಗೆ ನೋವು ಮಾಡಿಕೊಂಡರು. ಮನೆ ಬಿಟ್ಟು ಕದಲದ ತಮ್ಮನ ಮೇಲೂ ಸಿಟ್ಟು ಬಂತು. ಕಾಲು ಮುರ್ಕೊಳ್ಳೋಕೆ ಇವನಿಗೆ ಈಗಲೇ ಹೊತ್ತು ಸಿಗ್ಬೇಕಿತ್ತಾ?

ಕೊನೆಗೆ ಮೇಡಂ ಬಂದು, ಕೂತುಕೊಳ್ಳಿ ಅಂದರೂ ಕೂರದೆ, ನಿಂತೇ ಹೇಳಿದರು: "ಮೇಸ್ತ್ರಿ, ನನ್ನ ಹತ್ರ ಕಲೀತಿರೋರಿಗೆ ಲೈಸೆನ್ಸ್ ಪರೀಕ್ಷೆ ಹತ್ರ ಬಂತು. ಒಬ್ಬೊಬ್ಬರಾಗಿ ಬೇರೆ ಸ್ಕೂಲಿಗೆ ಹೋಗ್ತಾ ಇದ್ದಾರೆ. ನಾಳೆ ಸಂಜೆ ತನಕ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ, ಎದುರುಗಡೆ ಬಿಡ್ತೀನಿ."

ಎದುರುಗಡೆ ಅಂದರೆ ಆ ಗಾಜಿನ ಬಾಗಿಲು. ವಕೀಲರ ಕಾರು ಕದ್ದುಮುಚ್ಚಿ ಹೋಗಿತ್ತು. ಇದು ಹೇಳಿಯೇ ಹೋಗುತ್ತದೆ, ಎಲ್ಲರ ಕಣ್ಣೆದುರೇ ರಸ್ತೆ ದಾಟುತ್ತದೆ. ದೊಡ್ಡ ಮೇಸ್ತ್ರಿಗೆ ಗೊತ್ತಾಗಲಿಲ್ಲವಂತೆ ಅಂತ ಟೈರ್ ಅಂಗಡಿಯವನೇ ಊರಿಗೆಲ್ಲ ಸಾರುತ್ತಾನೆ. ಈ ಕೈಗಳಿಗಿಂತ ಚುರುಕಾದ ಕೈ ಬೇಕಾದಷ್ಟಿವೆ. ಜನ ಬರುವುದು ಕಿವಿಯನ್ನು ನಂಬಿ. ಅದರ ಮಾತು ಸುಳ್ಳಾದರೆ ತಾನು ಆ ಅಂಗಡಿಯಲ್ಲಿ ಯಾರು? ಬರೀ ಬೈಯುವ ಮುದುಕ. ಮೇಸ್ತ್ರಿಗೆ ನಿಜವಾಗಿಯೂ ಭಯವಾಯಿತು.

ಮನೆಗೆ ಹೋಗಿ ಟಿವಿ ಮುಂದೆ ಮುಖ ಊದಿಸಿಕೊಂಡು ಕೂತರು. ಹೆಂಡತಿ ಬಂದು ಶಬ್ದ ಕಮ್ಮಿ ಮಾಡಿದಳು. ಅವರು ಮತ್ತೆ ಹೆಚ್ಚಿಸಿದರು. ಅವಳು ಮತ್ತೆ ಕಮ್ಮಿ ಮಾಡಿ ರಿಮೋಟನ್ನು ಸೆರಗಿನೊಳಗೆ ಇಟ್ಟುಕೊಂಡಳು.

"ಅಷ್ಟೊಂದು ತಲೆ ಕೆಡಿಸ್ಕೊಳ್ಳೋ ಬದ್ಲು ಮೈದುನನ್ನ ಒಂದ್ಮಾತು ಕೇಳ್ಬಾರ್ದಾ?"

"ಅವನನ್ನ? ನಾನು? ಸ್ಪ್ಯಾನರ್ ಹಿಡಿಯೋದು ಹೇಗೆ ಅಂತ ಕಲಿಸಿದ್ದು ಯಾರು ಅವನಿಗೆ?"

"ನೀವೇ ರೀ. ಯಾರು ಇಲ್ಲ ಅಂದ್ರು?"

"ಮತ್ತೆ?"

"ಮತ್ತೆ ಏನಿಲ್ಲ. ಹೇಳಿದ್ರೆ ಹಾರಾಡ್ತೀರಿ. ಊಟಕ್ಕೆ ಏಳಿ."

ಏನೋ ಹೇಳಲು ಬಂದು ನುಂಗಿಕೊಂಡಳು ಅಂತ ಮೇಸ್ತ್ರಿಗೆ ಅನ್ನಿಸಿತು. ಈಚೆಗೆ ಎಲ್ಲರೂ ಹೀಗೇ. ಯಾರೂ ಪೂರ್ತಿ ಮಾತಾಡುವುದಿಲ್ಲ. ಅದೂ ಒಂದು ಸಿಟ್ಟು.

ಬೆಳಿಗ್ಗೆ ಕೊನೆಯ ಪ್ರಯತ್ನ. ಇಂಜಿನ್ ಓಡುತ್ತಿರುವಾಗಲೇ ಒಂದೊಂದು ಪ್ಲಗ್ಗಿನ ತಂತಿ ಕಿತ್ತು ನೋಡಿದರು. ಬಡಿತ ಬೇರಿಂಗಿನದ್ದಾದರೆ, ಆ ಸಿಲಿಂಡರಿನ ತಂತಿ ಕಿತ್ತ ಕೂಡಲೇ ಅದು ಮೆತ್ತಗಾಗಬೇಕು. ಒಂದನೆಯದು ಕಿತ್ತರು, ಬದಲಾಗಲಿಲ್ಲ. ಎರಡನೆಯದು, ಇಲ್ಲ. ಮೂರನೆಯದಕ್ಕೆ ಕರೆಂಟು ಹೊಡೆದು, "ಹಾಳಾದ್ದೇ!" ಅಂತ ಕಿರುಚಿ ಕೈ ಕೊಡವಿದರು. ನಾಲ್ಕನೆಯದೂ ಅಷ್ಟೇ. ಕೈಯಲ್ಲಿದ್ದ ಸ್ಪ್ಯಾನರನ್ನು ಮೂಲೆಗೆ ಬೀಸಿ ಒಗೆದರು. ಹಾಗಾದರೆ ಬೇರಿಂಗ್ ಅಲ್ಲ. ಹಾಗಾದರೆ ಏನು? ಕಿವಿ ಬೇರಿಂಗ್ ಅನ್ನುತ್ತದೆ, ತಂತಿ ಅಲ್ಲ ಅನ್ನುತ್ತದೆ. ಜೀವನದಲ್ಲಿ ಮೊದಲ ಸಲ ಮೇಸ್ತ್ರಿಗೆ ಯಾರ ಮಾತು ನಂಬಬೇಕೋ ತಿಳಿಯಲಿಲ್ಲ.

ಮಧ್ಯಾಹ್ನ ಮೇಡಂ ಬರುವಷ್ಟರಲ್ಲಿ ಒಂದು ನೆಪ ಹುಡುಕಿ ಇಟ್ಟುಕೊಂಡಿದ್ದರು. "ಒಂದು ಸ್ಪೆಷಲ್ ಟೂಲ್ ಬೇಕು ಮೇಡಂ, ತಮ್ಮನ ಮನೇಲಿದೆ. ಗಾಡೀಲೇ ಹೋಗಿ ತಂದ್ಬಿಡ್ತೀನಿ."

"ನನ್ನ ಗಾಡಿ, ನಾನೂ ಬರ್ತೀನಿ" ಅಂದ ಮೇಡಂ ಪಕ್ಕದ ಸೀಟಿನಲ್ಲಿ ಕೂತೇಬಿಟ್ಟರು. ತಿರುವಿನಲ್ಲಿ ಅಭ್ಯಾಸಬಲದಿಂದ, "ಕ್ಲಚ್ ನಿಧಾನ ಬಿಡಿ, ಕನ್ನಡಿ ನೋಡಿ" ಅಂತಲೂ ಹೇಳಿದರು. ಮೇಸ್ತ್ರಿಯ ಪಿತ್ತ ನೆತ್ತಿಗೇರಿತು. ಲಾರಿ, ಬಸ್ಸು, ಟ್ರ್ಯಾಕ್ಟರು ಎಲ್ಲ ಓಡಿಸಿದ ಮನುಷ್ಯನಿಗೆ ಕನ್ನಡಿ ನೋಡಿ ಅನ್ನುತ್ತಾರಲ್ಲ! ಆದರೆ ಅವರೆದುರು ಕೂಗಾಡುವ ಸ್ಥಿತಿಯಲ್ಲಿ ಇರಲಿಲ್ಲ. ಕನ್ನಡಿ ನೋಡಿದರು.

ತಮ್ಮನ ಮನೆ ಕಿರಿದಾದ ಬೀದಿಯಲ್ಲಿ, ರಸ್ತೆಗೇ ಅಂಟಿಕೊಂಡಿತ್ತು. ಕಿಟಕಿಯ ಪಕ್ಕ ಕುರ್ಚಿ ಹಾಕಿ, ಕಾಲನ್ನು ಸ್ಟೂಲಿನ ಮೇಲಿಟ್ಟು, ತಮ್ಮ ಕೂತಿದ್ದು ರಸ್ತೆಯಿಂದಲೇ ಕಾಣುತ್ತಿತ್ತು. ಮೇಸ್ತ್ರಿ ಕಾರು ನಿಲ್ಲಿಸಿದರು. ಆರಿಸಲಿಲ್ಲ, ಒಳಗೆ ಹೋಗಿ ಮಾತು ತೆಗೆಯುವುದು ಹೇಗೆ ಅಂತ ಯೋಚಿಸುತ್ತ ಸ್ಟೀರಿಂಗ್ ಹಿಡಿದೇ ಕೂತಿದ್ದರು. ಅಷ್ಟರಲ್ಲಿ ತಮ್ಮನೇ ಕಿಟಕಿಯ ಸರಳಿಗೆ ಮುಖ ತಂದು ಜೋರಾಗಿ ಕೂಗಿದ.

"ಅಣ್ಣಾ, ಕ್ಲಚ್ ಒತ್ತು!"

ಮೇಸ್ತ್ರಿಗಿಂತ ಮೊದಲು ಮೇಡಂ ತಾವು ಕೂತ ಕಡೆಯ ಕ್ಲಚ್ ಒತ್ತಿದರು.

ತಮ್ಮನ ಹೆಂಡತಿ ಅದೇ ಹೊತ್ತಿಗೆ ಬಾಗಿಲಿಗೆ ಬಂದಿದ್ದಳು. "ಅಬ್ಬಾ! ನಿಂತೇ ಹೋಯ್ತಲ್ಲ! ಯಾರೋ ತಾಮ್ರದ ಪಾತ್ರೆ ಕುಟ್ಟಿದ ಹಾಗಿತ್ತು" ಅಂದಳು. ಎದುರು ಮನೆಯ ಮೆಟ್ಟಿಲ ಮೇಲೆ ಕೂತಿದ್ದ ಮುದುಕಿ ತಲೆಯೆತ್ತಿ ನೋಡಿದಳು. ಮೇಡಂ ಕಾಲು ತೆಗೆದರು. ಮುದುಕಿ ಮುಖ ಕಿವಿಚಿದಳು. ಮೇಡಂ ಮತ್ತೆ ಒತ್ತಿದರು. ಮುದುಕಿಯ ಮುಖ ಸಡಿಲವಾಯಿತು.

"ನಾನು ಇದನ್ನೇ ಹೇಳ್ತಾ ಇದ್ದೆ ಮೇಸ್ತ್ರಿ. ಒತ್ತಿದ್ರೆ ನಿಲ್ಲುತ್ತೆ, ಬಿಟ್ರೆ ಬರುತ್ತೆ" ಅಂದರು ಮೇಡಂ.

ಮೇಸ್ತ್ರಿ ಒಮ್ಮೆ ಅವರ ಕಾಲನ್ನು ನೋಡಿದರು, ಒಮ್ಮೆ ಬಾನೆಟ್ಟನ್ನು ನೋಡಿದರು. ಅವರಿಗೆ ಕೇಳುತ್ತಿದ್ದದ್ದು ಒಂದೇ. ಇಂಜಿನ್ನಿನ ಮಂದವಾದ ಗುಂಯ್ ಅನ್ನುವ ಓಟ, ಒತ್ತಿದಾಗಲೂ ಅದೇ, ಬಿಟ್ಟಾಗಲೂ ಅದೇ. ಏನು ನಿಂತಿತು? ಏನು ಬಂತು? "ಇನ್ನೊಂದ್ಸಲ ಒತ್ತಿ" ಅಂದರು. ಒತ್ತಿದರು. ಬಾಗಿಲಿನಲ್ಲಿದ್ದವಳ ಮುಖ ಬದಲಾಯಿತು, ಕಿಟಕಿಯಲ್ಲಿದ್ದವನ ಮುಖ ಬದಲಾಯಿತು, ಎದುರು ಮನೆಯ ಮುದುಕಿಯ ಮುಖವೂ ಬದಲಾಯಿತು. ಇಂಜಿನ್ನಿನ ಶಬ್ದ ಮಾತ್ರ ಬದಲಾಗಲಿಲ್ಲ. ಬೀದಿಗೆಲ್ಲ ಕೇಳಿದ್ದು ತನಗೊಬ್ಬನಿಗೆ ಕೇಳುತ್ತಿಲ್ಲ ಅನ್ನುವುದು ಮೇಸ್ತ್ರಿಗೆ ಆಗ ಗೊತ್ತಾಯಿತು.

ಇಂಜಿನ್ ಆರಿಸಿ ಒಳಗೆ ಹೋದರು. ಮೇಡಂ ಕಾರಿನಲ್ಲೇ ಉಳಿದರು. ತಮ್ಮನ ಹೆಂಡತಿ, "ಬನ್ನಿ ಭಾವ, ಕೂತ್ಕೊಳ್ಳಿ" ಅಂದು ಕುರ್ಚಿ ಎಳೆದಳು. ಅವರು ಕೂರಲಿಲ್ಲ.

"ಫ್ಲೈವೀಲ್ ಬೋಲ್ಟ್ ಸಡಿಲ ಆಗಿದೆ ಅಣ್ಣ" ಅಂದ ತಮ್ಮ. "ಕ್ಲಚ್ ಬದಲಾಯಿಸಿದಾಗ ಯಾರೋ ಸರಿಯಾಗಿ ಬಿಗಿದಿಲ್ಲ. ಇಂಜಿನ್ ಹಿಂದಿನ ಆ ದಪ್ಪ ಚಕ್ರ ಅಲ್ಲಾಡಿ ಬಡೀತಾ ಇದೆ. ಕ್ಲಚ್ ಒತ್ತಿದ್ರೆ ಅದುಮಿ ಹಿಡಿಯುತ್ತೆ, ಶಬ್ದ ನಿಲ್ಲುತ್ತೆ."

"ಅದು ಬಿಡು. ಯಾವಾಗಿಂದ?"

"ಯಾವಾಗಿಂದ ಅಂದ್ರೆ... ಅದು ಓಡಿಸ್ತಾ ಓಡಿಸ್ತಾ..."

"ಗಾಡಿ ವಿಷ್ಯ ಅಲ್ಲ ಕಣೋ ನಾನು ಕೇಳಿದ್ದು."

ತಮ್ಮ ತಲೆ ತಗ್ಗಿಸಿದ. ತನ್ನ ಕಾಲಿನ ಬ್ಯಾಂಡೇಜಿನ ಅಂಚನ್ನು ಉಗುರಿನಿಂದ ಕೆರೆದ. ಆಮೇಲೆ ಹೇಳಿದ. ಬಹಳ ಕಾಲವಾಯಿತು. ಚೂಪು ಶಬ್ದಗಳು ಅಣ್ಣನ ಕಿವಿಗೆ ಬೀಳುವುದು ನಿಂತುಹೋಗಿ ಎರಡು ಮೂರು ವರ್ಷವೇ ಆಗಿರಬೇಕು. ಮಂದ ಶಬ್ದ ಕೇಳುತ್ತದೆ, ಚೂಪಾದದ್ದು ಕೇಳುವುದಿಲ್ಲ; ಉಳಿದ ಇಂಜಿನ್ನಿನ ಓಟವೇ ಗುದ್ದಿನ ಹಾಗೆ ಅನ್ನಿಸುತ್ತದೆ.

"ಅದಕ್ಕೇ ನಿನಗೆ ಎಲ್ಲಾ ಗಾಡೀನೂ ಬೇರಿಂಗೇ. ಟ್ಯಾಪೆಟ್ ಬಡಿದ್ರೂ ಬೇರಿಂಗ್, ಬೆಲ್ಟ್ ಕಿರುಚಿದ್ರೂ ಬೇರಿಂಗ್. ನೀನು ಹೇಳಿ ಆಚೆ ಹೋದ ಮೇಲೆ ನಾನು ಇನ್ನೊಂದ್ಸಲ ಕೇಳ್ತಿದ್ದೆ. ಏನಿದೆಯೋ ಅದನ್ನ ಸರಿ ಮಾಡಿ, ಬೇರಿಂಗ್ ಆಯ್ತು ಅಣ್ಣ ಅಂತ ಹೇಳ್ತಿದ್ದೆ."

"ಹಳೇ ಬೇರಿಂಗ್ ತೋರಿಸ್ತಿದ್ದೆಯಲ್ಲ ನನಗೆ? ಸವೆದದ್ದು?"

"ಯಾವುದೋ ಗಾಡೀದು. ಒಂದು ಡಬ್ಬದಲ್ಲಿ ಇಟ್ಕೊಂಡಿದ್ದೆ."

ಅಯ್ಯೋ! ಆ ಬೇರಿಂಗುಗಳನ್ನು ಮೇಸ್ತ್ರಿ ಅಂಗೈಯಲ್ಲಿಟ್ಟು ಗಾಡಿಯ ಮಾಲೀಕರಿಗೆ ತೋರಿಸುತ್ತಿದ್ದರು. ನೋಡಿ ಸ್ವಾಮಿ, ನಾನು ಹೇಳಿರಲಿಲ್ವಾ, ಅಂತ ಬೀಗುತ್ತಿದ್ದರು. ಅವರು ಕೈಮುಗಿಯುತ್ತಿದ್ದರು. ಸಣ್ಣ ಮೇಸ್ತ್ರಿ ಹಿಂದೆ ನಿಂತು ಕೈ ಒರೆಸಿಕೊಳ್ಳುತ್ತಿದ್ದ. ಅಷ್ಟೂ ದಿನ ಬಂದ ಶಹಭಾಸ್‌ಗಿರಿಯೆಲ್ಲ ಒಂದೇ ಸಲಕ್ಕೆ ಮುಖಕ್ಕೆ ರಾಚಿತು. ನಾಚಿಕೆ ಎಷ್ಟಾಯಿತೆಂದರೆ ಅದನ್ನು ತಡೆಯಲು ಕೋಪ ಮಾಡಿಕೊಳ್ಳದೆ ಬೇರೆ ದಾರಿಯೇ ಇರಲಿಲ್ಲ.

"ನನ್ನನ್ನ ಮಂಗ ಮಾಡಿದೆ! ಗೊಂಬೆ ಹಾಗೆ ಕೂರಿಸಿ ಆಟ ಆಡಿಸಿದೆಯಲ್ಲೋ! ಒಂದ್ಮಾತು ಹೇಳೋಕೆ ನಿನ್ನ ಬಾಯಿಗೇನಾಗಿತ್ತು?"

"ಹೇಳಿದ್ದೆ."

"ಯಾವಾಗ?"

"ಒಂದೇ ಒಂದ್ಸಲ. ಒಂದು ಜೀಪ್ ಬಂದಿತ್ತು. ಅಣ್ಣ, ಇದು ಬೇರಿಂಗ್ ಅಲ್ಲ, ಮೇಲ್ಗಡೆ ಇದೆ ಶಬ್ದ ಅಂದೆ. ನೀನು ಎಲ್ಲರ ಮುಂದೆ, ಅಷ್ಟು ಕಿವಿ ಬಂದಿದ್ರೆ ನಿನ್ನದೇ ಅಂಗಡಿ ಹಾಕ್ಕೋ ಹೋಗು ಅಂದೆ. ಒಂದು ವಾರ ನನ್ನ ಹತ್ರ ಮಾತಾಡ್ಲಿಲ್ಲ."

ಮೇಸ್ತ್ರಿಗೆ ನೆನಪಿತ್ತು.

"ಹಾಕ್ಕೋಬೇಕಿತ್ತು ಅಂಗಡಿ" ಅಂದರು. "ಯಾಕೆ ಹಾಕ್ಕೊಳ್ಳಿಲ್ಲ?"

"ನಾನು ಹೋದ್ರೆ ನಿನ್ನ ಗತಿ ಏನಣ್ಣ?"

ಸಿಟ್ಟಿನಿಂದ ಹೇಳಿದ್ದರೆ ಮೇಸ್ತ್ರಿ ತಿರುಗಿ ಬೈದಿರುತ್ತಿದ್ದರು. ತಮ್ಮ ಅದನ್ನು ಊಟ ಆಯಿತಾ ಅಂತ ಕೇಳಿದಷ್ಟು ಸಾದಾ ಆಗಿ ಹೇಳಿದ್ದ. ಮೇಸ್ತ್ರಿ ಗೋಡೆಯ ಕಡೆ ತಿರುಗಿ, "ನಿಮ್ಮತ್ತಿಗೆಗೂ ಗೊತ್ತಾ?" ಅಂತ ಕೇಳಿದರು.

ತಮ್ಮನ ಹೆಂಡತಿ ಮೆತ್ತಗೆ, "ಭಾವ, ನಿಮ್ಮ ಮನೆ ಬಾಗಿಲ ಗಂಟೆ ಕೆಟ್ಟಿದೆ ಅಂತೀರಲ್ಲ, ಅದು ಚೆನ್ನಾಗೇ ಇದೆ. ಅಕ್ಕ ಓಡಿ ಬಂದು ತೆಗೀತಾರೆ" ಅಂದಳು.

ಸರಿ. ಬೀದಿಗೆ ಗೊತ್ತು, ಮನೆಗೆ ಗೊತ್ತು, ಬಹುಶಃ ವೆಲ್ಡರ್‌ಗೂ ಗೊತ್ತು. ಗೊತ್ತಿಲ್ಲದೆ ಇದ್ದದ್ದು ತನಗೊಬ್ಬನಿಗೇ. ಹೊರಡಲು ತಿರುಗಿದಾಗ ತಮ್ಮ ಅವರ ಕೈ ಹಿಡಿದು ನಿಲ್ಲಿಸಿದ.

"ಅಣ್ಣ, ಬೋಲ್ಟ್ ಬಿಗಿದ್ಮೇಲೆ ಸ್ಟಾರ್ಟ್ ಮಾಡ್ಸು. ಯಾವಾಗ್ಲೂ ಮಾಡೋ ಹಾಗೆ ಕಣ್ಣು ಮುಚ್ಚಿ ಕೇಳಿದ ಹಾಗೆ ಮಾಡಿ, ಸರಿ ಆಯ್ತು ಅಂತ ತಲೆ ಆಡಿಸು, ಸಾಕು. ಶಬ್ದ ಖಂಡಿತ ಹೋಗಿರುತ್ತೆ. ಮೇಡಂಗೆ ಹೇಳಿದ್ರೆ ಅವರೂ ಬಾಯಿ ಬಿಡಲ್ಲ. ನನ್ನ ಕಾಲು ಸರಿಯಾಗ್ಲಿ, ಮೊದಲಿನ ಹಾಗೇ ನಡೆಸ್ಕೊಂಡು ಹೋಗೋಣ."

ಮೇಸ್ತ್ರಿ ಕೈ ಬಿಡಿಸಿಕೊಂಡು ಕಾರು ಹತ್ತಿದರು. ಈ ಸಲ ಮೇಡಂ ತಿರುವಿನಲ್ಲಿ ಕನ್ನಡಿ ನೋಡಿ ಅಂತ ಹೇಳಲಿಲ್ಲ. ಆ ಕರುಣೆ ಮೇಸ್ತ್ರಿಗೆ ಇನ್ನೂ ಹೆಚ್ಚು ಚುಚ್ಚಿತು.

ಗೇರ್ ಬಾಕ್ಸ್ ಇಳಿಸಲು ವೆಲ್ಡರ್ ಕೈಜೋಡಿಸಿದ. ಇಬ್ಬರೂ ಬೆವರು ಸುರಿಸಿ ಅದನ್ನು ಕೆಳಗಿಳಿಸಿ, ಕ್ಲಚ್ ಬಿಚ್ಚಿ ನೋಡಿದರೆ, ತಮ್ಮ ಕಿಟಕಿಯೊಳಗಿಂದ ಹೇಳಿದ್ದೇ ಆಗಿತ್ತು. ಫ್ಲೈವೀಲ್ ಹಿಡಿದು ಅಲ್ಲಾಡಿಸಿದರೆ ಅಲ್ಲಾಡುತ್ತಿತ್ತು. ಬೋಲ್ಟುಗಳು ಬೆರಳಿಗೇ ತಿರುಗುತ್ತಿದ್ದವು. ಹೊಸ ಬೋಲ್ಟ್ ಹಾಕಿ, ಒಂದೊಂದನ್ನೂ ಬಿಗಿದು, ಬಿಗಿದದ್ದನ್ನು ಮತ್ತೆ ಮುಟ್ಟಿ ನೋಡಿ, ಎಲ್ಲವನ್ನೂ ಮೊದಲಿನ ಹಾಗೆ ಕೂರಿಸಿದರು. ಈ ಕೆಲಸದಲ್ಲಿ ಅವರ ಕೈ ಒಂದು ಸಲವೂ ತಡವರಿಸಲಿಲ್ಲ. ಆದರೂ ಮನಸ್ಸಿಗೆ ಸಮಾಧಾನವಿರಲಿಲ್ಲ. ಕೈ ಎಲ್ಲರಿಗೂ ಇದೆ, ಅಂತಲೇ ಅನ್ನಿಸುತ್ತಿತ್ತು.

ಸಂಜೆಯ ಬಿಸಿಲು ಶೆಡ್ಡಿನೊಳಗೆ ಓರೆಯಾಗಿ ಬಿದ್ದಿತ್ತು. ಮೇಡಂ ಕೂತು ಸ್ಟಾರ್ಟ್ ಮಾಡಿದರು. ಸುದ್ದಿ ಹೇಗೋ ಹರಡಿತ್ತು; ಈ ಕಾರಿನ ಗತಿ ಇವತ್ತು ತೀರ್ಮಾನ ಅಂತ ಟೈರ್ ಅಂಗಡಿಯವನು ಮಷೀನು ನಿಲ್ಲಿಸಿ, ತನ್ನ ಗಿರಾಕಿಗಳ ಸಮೇತ ಬಂದು ನಿಂತಿದ್ದ. ಬೇಕರಿಯವನೂ ಬಂದಿದ್ದ. ವೆಲ್ಡರ್ ಕೈಕಟ್ಟಿ ನಿಂತ. ಎಲ್ಲರೂ ಮೇಸ್ತ್ರಿಯ ಮುಖವನ್ನೇ ನೋಡುತ್ತಿದ್ದರು. ರೂಢಿಯಂತೆ ಅವರ ಕಣ್ಣುಗಳು ತಾವಾಗಿಯೇ ಮುಚ್ಚಿಕೊಂಡವು. ಒಳಗೆ ಮಂದವಾದ ಓಟ, ಬೆಳಿಗ್ಗೆ ಕೇಳಿದ್ದೇ, ನಿನ್ನೆ ಕೇಳಿದ್ದೇ. ತಲೆ ಆಡಿಸಿದರೆ ಮುಗಿಯಿತು. ಎಲ್ಲರೂ ಆಹಾ ಅನ್ನುತ್ತಾರೆ, ಗಾಜಿನ ಬಾಗಿಲಿಗೆ ಯಾರೂ ಹೋಗುವುದಿಲ್ಲ, ತಮ್ಮ ಬಂದು ಮತ್ತೆ ಹಿಂದೆ ನಿಲ್ಲುತ್ತಾನೆ, ಡಬ್ಬದಲ್ಲಿ ಬೇರಿಂಗ್ ಇಟ್ಟುಕೊಳ್ಳುತ್ತಾನೆ.

ಮೇಸ್ತ್ರಿ ಕಣ್ಣು ತೆರೆದು ಕಾರಿನ ಕಿಟಕಿಯ ಹತ್ತಿರ ಹೋದರು.

"ಮೇಡಂ, ಶಬ್ದ ನಿಂತಿದ್ಯಾ?"

ಮೇಡಂ ತಮಾಷೆಯೋ ಏನೋ ಅಂತ ಅವರನ್ನು ನೋಡಿದರು. ಟೈರ್ ಅಂಗಡಿಯವನು ನಗಲು ಹೋಗಿ, ಯಾರೂ ನಗದಿದ್ದನ್ನು ಕಂಡು ಸುಮ್ಮನಾದ.

"ನನಗೆ ಕೇಳ್ಸಲ್ಲ ಮೇಡಂ" ಅಂದರು ಮೇಸ್ತ್ರಿ, ಎಲ್ಲರಿಗೂ ಕೇಳುವ ಹಾಗೆ. "ನಿಮ್ಮ ಗಾಡಿ ಶಬ್ದ ನನ್ನ ತಮ್ಮನಿಗೆ ಕೇಳ್ತು, ನಿಮಗೆ ಕೇಳ್ತು, ನನಗೆ ಕೇಳ್ಸಲಿಲ್ಲ. ನೀವೇ ಹೇಳ್ಬೇಕು."

ಮೇಡಂ ರೇಸ್ ಕೊಟ್ಟರು, ಬಿಟ್ಟರು. ಕ್ಲಚ್ ಒತ್ತಿದರು, ಬಿಟ್ಟರು. ತಲೆ ಓರೆ ಮಾಡಿಕೊಂಡು ಕೇಳಿದರು.

"ನಿಂತಿದೆ ಮೇಸ್ತ್ರಿ."

"ಪೂರ್ತಿ?"

"ಪೂರ್ತಿ."

"ಇನ್ನೊಂದ್ಸಲ ಕೇಳಿ ಮೇಡಂ" ಅಂದರು ಮೇಸ್ತ್ರಿ. "ಒಂಚೂರೂ ಇಲ್ಲ ತಾನೇ?" ಅಂತ ಕೇಳಿ, ಉತ್ತರ ಬರುವ ತನಕ ಅವರ ಮುಖವನ್ನೇ ನೋಡುತ್ತ ನಿಂತರು.